ಮಾರ್ಕು ಹಾಕದೆ ಓದು

ಏಪ್ರಿಲ್ 8

ಅಕ್ಕಾ,

ಕಾಲಿಗೆ ಬಿದ್ದೆ ಎಂದು ಬರೆದರೆ ಬೈಯುತ್ತೀಯ, ಅದಕ್ಕೆ ದೂರದಿಂದಲೇ ಕೈ ಮುಗಿದು ಶುರು ಮಾಡುತ್ತೇನೆ.

ಡುಮ್ಕಿ ಹೊಡೆದೆ. ನಾಲ್ಕೇ ನಾಲ್ಕು ಮಾರ್ಕು. ಬಾಯ್ಲರ್ ವಿಷಯದ ಪೇಪರಿನಲ್ಲಿ ತೊಂಬತ್ತೆರಡು ಬಂದಿದೆ, ನಮ್ಮ ಲಾಂಡ್ರಿಯಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲ. ಇಂಗ್ಲಿಷಿನಲ್ಲಿ ಲಾಗ್ ಪುಸ್ತಕ ಬರೆಯುವ ಪೇಪರಿನಲ್ಲಿ ಮೂವತ್ತಾರು. ನಲವತ್ತು ಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಈ ಲಾಂಡ್ರಿಗೆ ಹಬೆ ಕೊಡುತ್ತಿರುವವನು ನಾನು. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಯೆಲ್ಲ ನನ್ನ ಹಬೆಯಲ್ಲೇ ಒಣಗುವುದು. ಆದರೂ ಮೂವತ್ತಾರು!

ಈಗಿನ ಇನ್‌ಚಾರ್ಜ್ ಆಗಸ್ಟ್ ಕೊನೆಗೆ ನಿವೃತ್ತರಾಗುತ್ತಾರೆ. ಆಗಸ್ಟ್ ಆರಕ್ಕೆ ಮತ್ತೆ ಪರೀಕ್ಷೆ. ಪಾಸಾದರೆ ಅವರ ಕುರ್ಚಿ ನನಗೆ, ಜೊತೆಗೆ ಲಾಂಡ್ರಿಯ ಹಿಂದಿರುವ ಎರಡು ಕೋಣೆಯ ಕ್ವಾರ್ಟರ್ಸು. ಫೇಲಾದರೆ ಹೊರಗಿನಿಂದ ಯಾರನ್ನೋ ತರುತ್ತಾರೆ, ನಾನು ಈಗಿನ ಹಾಗೆಯೇ ಇಬ್ಬರು ಗೊರಕೆ ವೀರರ ನಡುವೆ ಮಂಚ ಹಾಕಿಕೊಂಡು ಬಿದ್ದಿರಬೇಕು. ಮೂರನೆಯ ಸಲ ಕೂರಲು ಬಿಡುವುದಿಲ್ಲ.

ನನಗೆ ಕೈಕೊಟ್ಟದ್ದು ‘ಆದಾಗ, ಆದ ಮೇಲೆ, ಆಗುವ ಮೊದಲು, ಆಗುವ ತನಕ’ ಎಂದು ಬರುವ ವಾಕ್ಯಗಳು. ಲಾಗ್ ಪುಸ್ತಕದಲ್ಲಿ ಅವೇ ತುಂಬಿಕೊಂಡಿರುತ್ತವೆ. ನೀನು ಹೇಳಿಕೊಡು. ಫೋನು ಬೇಡ. ಬಾಯ್ಲರ್ ಸದ್ದಿಗೆ ನನ್ನ ಕಿವಿ ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದೆ. ಹೋದ ಸಲ ನೀನು ಕಾಲು ಗಂಟೆ ಮಾತಾಡಿದೆ, ನಾನು ಹೂಂ ಹೂಂ ಎಂದೆ, ಇಟ್ಟ ಮೇಲೆ ಲೆಕ್ಕ ಹಾಕಿದರೆ ಮೂರು ಪದ ಕೇಳಿಸಿತ್ತು.

ನಿನ್ನ ತಮ್ಮ
ಸೀಟಿ


ಏಪ್ರಿಲ್ 12

ಸೀಟಿ,

ಮೂವತ್ತಾರು ಬಂದದ್ದು ದಡ್ಡತನಕ್ಕಲ್ಲ, ಸೋಮಾರಿತನಕ್ಕೆ. ಅಪ್ಪ ಅಮ್ಮ ತೀರಿಕೊಂಡ ವರ್ಷ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಇದೇ ಪಾಠ ಮಾಡಿದ್ದೆ. ನೀನು ಕಿಟಕಿಗೆ ಒರಗಿ ಸೀಟಿ ಹೊಡೆಯುತ್ತಿದ್ದೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಇರಲಿ. ಆಗಸ್ಟಿನಲ್ಲಿ ನೀನು ಪಾಸಾಗುತ್ತೀಯ. ನಾನು ಹೇಳಿದ ಮೇಲೆ ಮುಗಿಯಿತು.

ಈಗ ಕೇಳು. ಇಂಥ ವಾಕ್ಯಕ್ಕೆ ಎರಡು ತುಂಡು. ಒಂದು ತುಂಡು ಯಾವಾಗ ಎಂದು ಹೇಳುತ್ತದೆ, ಇನ್ನೊಂದು ಆಗ ಏನು ಮಾಡುತ್ತೀ ಎಂದು ಹೇಳುತ್ತದೆ. ಮುಂದೆ ನಡೆಯುವ ವಿಷಯವಾದರೂ ‘ಯಾವಾಗ’ ತುಂಡಿಗೆ ವಿಲ್ ಹಾಕಬಾರದು. ಅದು ಎರಡನೆಯ ತುಂಡಿನ ಸೊತ್ತು. ಇದರಲ್ಲಿ ಬೆಚ್ಚಿಬೀಳುವಂಥದ್ದೇನಿಲ್ಲ. ನಾಳೆ ಬರುವವನ ವಿಷಯದಲ್ಲೂ ನಾವು ‘ಬಂದಾಗ ಕೊಡ್ತೀನಿ’ ಎನ್ನುತ್ತೇವೆ, ಬಂದೇಬಿಟ್ಟವನ ಹಾಗೆ. ಯಾರಾದರೂ ‘ಬರುವನಾಗ ಕೊಡ್ತೀನಿ’ ಅಂತಾರೇನೋ?

ಹತ್ತು ದಿನಕ್ಕೊಮ್ಮೆ ಐದು ವಾಕ್ಯ, ಬೇರೆ ಹಾಳೆಯಲ್ಲಿ, ಪಕ್ಕದಲ್ಲಿ ಜಾಗ ಬಿಟ್ಟು. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತೇನೆ. ಅವಸರ ಮಾಡಬೇಡ. ನನ್ನ ಸಂಜೆ ಕ್ಲಾಸಿನ ಪೇಪರುಗಳು ಮೇಜಿನ ಮೇಲೆ ಗುಡ್ಡ ಬಿದ್ದಿವೆ, ನಿನ್ನ ಸರದಿ ಬಂದಾಗ ನೋಡುತ್ತೇನೆ. ಹಾಜರಿ ಹಾಳೆಯ ಬೆನ್ನ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ, ಕಾಗದ ದಂಡವಾಗಬಾರದು.

ಒಂದು ಷರತ್ತು. ಆರು ವರ್ಷದ ಹಿಂದೆ ಎತ್ತಿದ ಮಾತನ್ನು ಮತ್ತೆ ಎತ್ತಕೂಡದು. ‘ನನ್ನ ಜೊತೆ ಬಂದು ಇದ್ದುಬಿಡು ಅಕ್ಕ’ ಅಂತೆ! ಯಾರ ಆಶ್ರಯದಲ್ಲೂ ಕೂತು ಉಣ್ಣುವವಳಲ್ಲ ನಾನು. ಎತ್ತಿದೆಯೋ, ಪಾಠ ಅಲ್ಲಿಗೇ ಬಂದ್.

ಅಕ್ಕ


ಏಪ್ರಿಲ್ 24

ಅಕ್ಕಾ,

ಬಾಯಿ ಮುಚ್ಚಿದೆ. ಆ ಮಾತು ಎತ್ತುವುದಿಲ್ಲ.

ಐದು ವಾಕ್ಯ ಈ ಕವರಿನಲ್ಲೇ ಇವೆ. ಊಟದ ಬಿಡುವಿನಲ್ಲಿ ಬಾಯ್ಲರ್ ರೂಮಿನ ಸ್ಟೂಲಿನ ಮೇಲೆ ಕೂತು ಬರೆದದ್ದು. ಹಾಳೆ ಸ್ವಲ್ಪ ಮುದುರಿದೆ, ಹಬೆ ಯಾರ ಮಾತೂ ಕೇಳುವುದಿಲ್ಲ. ಇಸ್ತ್ರಿ ಹಾಲಿನ ಮೇಸ್ತ್ರಿಣಿ ಬಾಗಿಲಲ್ಲಿ ನಿಂತು ನೋಡಿ, ‘ಏನ್ರೀ, ಈ ವಯಸ್ಸಲ್ಲಿ ಪ್ರೇಮಪತ್ರಾನಾ?’ ಎಂದರು. ‘ಅಲ್ಲ ಕಣ್ರೀ, ನಮ್ಮಕ್ಕಂಗೆ ಹೋಂವರ್ಕು’ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಆದರೆ ಸಂಜೆ ಬಂದು, ‘ನಿಮ್ಮಕ್ಕ ನಮಗೂ ಹೇಳಿಕೊಡ್ತಾರಾ?’ ಎಂದು ಮೆಲ್ಲಗೆ ಕೇಳಿದರು. ಹೊಸ ಯಂತ್ರ ಬಂದ ಮೇಲೆ ಅವರ ಹಾಲಿನಲ್ಲೂ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆದಿಡಬೇಕಂತೆ.

ಸೀಟಿ


ಏಪ್ರಿಲ್ 28

ಸೀಟಿ,

ಐದಕ್ಕೆ ಎರಡು. ಬಾಯ್ಲರ್ ಬಾಗಿಲಿನ ವಾಕ್ಯ ನೋಡು. ‘ವೆನ್ ದ ಪ್ರೆಶರ್ ವಿಲ್ ಫಾಲ್’ ಎಂದು ಬರೆದಿದ್ದೀಯ. ಹೇಳಿದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತೋ? ‘ಫಾಲ್ಸ್’ ಸಾಕು. ಇನ್ನೂ ಒಂದು ಮಾತು: ಒತ್ತಡ ಇಳಿಯಲು ಶುರುವಾದಾಗ ಬಾಗಿಲು ತೆಗೆಯುತ್ತೀಯೋ, ಪೂರ್ತಿ ಇಳಿದ ಮೇಲೆ ತೆಗೆಯುತ್ತೀಯೋ? ಪೂರ್ತಿ ಇಳಿದ ಮೇಲೆ ತಾನೆ? ಹಾಗಿದ್ದರೆ ‘ಹ್ಯಾಸ್ ಫಾಲನ್’ ಎಂದು ಬರಿ. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು ಎಂದಿದ್ದರೆ ಇದೇ ಬರಬೇಕು.

ಕೊನೆಯ ವಾಕ್ಯ, ‘ಅಕ್ಕ ಬಂದಾಗ ಮುಂದಿನ ಕೋಣೆ ಅವಳದಾಗುತ್ತದೆ’ ಎನ್ನುವುದು. ಅಲ್ಲೂ ‘ವಿಲ್ ಕಮ್’ ಮಾಡಿಟ್ಟಿದ್ದೀಯ. ‘ಕಮ್ಸ್’ ಎಂದು ತಿದ್ದಿದ್ದೇನೆ. ಉದಾಹರಣೆಗೆ ಒಬ್ಬ ಅಕ್ಕ ಬೇಕೇ ಬೇಕು ಎಂದರೆ ಇರಲಿ. ಆದರೆ ಪರೀಕ್ಷೆಯಲ್ಲಿ ಕೇಳುವುದು ಬಾಯ್ಲರು.

ಇಸ್ತ್ರಿ ಹಾಲಿನ ಅಮ್ಮನಿಗೆ ಹೇಳು, ನನಗೆ ಉಸಿರಾಡಲೂ ಪುರುಸೊತ್ತಿಲ್ಲ ಎಂದು.

ಅಕ್ಕ


ಮೇ 26

ಅಕ್ಕಾ,

ಒಂದು ಸುದ್ದಿ ಹೇಳಲೇಬೇಕು. ನೀನು ತಿದ್ದಿದ ಆ ಬಾಗಿಲಿನ ವಾಕ್ಯವನ್ನು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆದು ರಟ್ಟಿಗೆ ಅಂಟಿಸಿ ಬಾಯ್ಲರ್ ಪಕ್ಕ ತೂಗುಹಾಕಿದ್ದೆ: ಒತ್ತಡದ ಮುಳ್ಳು ಸೊನ್ನೆಗೆ ಬಂದು ನಿಂತ ಮೇಲೆ ಮಾತ್ರ ಬಾಗಿಲು. ಮೊನ್ನೆ ಬಾಯ್ಲರ್ ತೊಳೆಯಲು ಹೊರಗಿನ ಕಂಪನಿಯ ಇಬ್ಬರು ಬಂದಿದ್ದರು, ನಮ್ಮ ಭಾಷೆ ಅವರಿಗೆ ಬಾರದು. ನಾನು ಪಂಪಿನ ಹತ್ತಿರ ಇದ್ದೆ. ತಿರುಗಿ ನೋಡಿದರೆ ಇಬ್ಬರೂ ಸ್ಪ್ಯಾನರ್ ಕೆಳಗಿಟ್ಟು, ಗೇಜಿನ ಮುಂದೆ ಕೈಕಟ್ಟಿ ನಿಂತಿದ್ದಾರೆ. ‘ಯಾಕ್ರೀ?’ ಎಂದು ಸನ್ನೆ ಮಾಡಿದೆ. ರಟ್ಟು ತೋರಿಸಿದರು. ನಲವತ್ತು ನಿಮಿಷ ಹಾಗೇ ನಿಂತರು ಅಕ್ಕ! ನಿನ್ನ ಕ್ಲಾಸಿನಲ್ಲಿ ಯಾರಾದರೂ ಇಷ್ಟು ಹೊತ್ತು ಸುಮ್ಮನೆ ನಿಂತಿದ್ದಾರಾ?

ಇನ್‌ಚಾರ್ಜ್ ಯಜಮಾನರು ರಟ್ಟು ಓದಿ, ‘ಯಾರು ಬರೆದದ್ದು?’ ಎಂದರು. ‘ನಾನು ಬರೆದೆ, ನಮ್ಮಕ್ಕ ತಿದ್ದಿದ್ದು’ ಎಂದೆ.

ಐದು ವಾಕ್ಯ ಜೊತೆಗಿವೆ. ಈ ಸಲ ತುಂಬಾ ಯೋಚನೆ ಮಾಡಿ ಬರೆದಿದ್ದೇನೆ. ನಿಧಾನವಾಗಿ ಓದು.

ಸೀಟಿ


ಮೇ 30

ಸೀಟಿ,

ಶಭಾಷ್! ರಟ್ಟಿನ ವಿಷಯ ಓದಿ ಎದ್ದು ನಿಂತು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ನನಗೆ ಹೆಮ್ಮೆಯಾಯಿತು ಕಣೋ. ಮೂವತ್ತೈದು ವರ್ಷ ಕಲಿಸಿದ್ದೇನೆ, ನಾನು ತಿದ್ದಿದ ಒಂದು ವಾಕ್ಯ ಇಬ್ಬರ ಮೈ ಸುಡದ ಹಾಗೆ ನೋಡಿಕೊಂಡದ್ದು ಇದೇ ಮೊದಲು.

ಐದಕ್ಕೆ ನಾಲ್ಕೂವರೆ. ‘ಅವಳು ಬಣ್ಣ ಆರಿಸುವ ತನಕ ಕಿಟಕಿಗೆ ಬಣ್ಣ ಹಚ್ಚುವುದಿಲ್ಲ’: ಸರಿಯಾಗಿದೆ, ಪೂರ್ತಿ ಮಾರ್ಕು. ‘ಅವಳು ಬಂದ ಕೂಡಲೇ ಇಸ್ತ್ರಿ ಹಾಲಿನ ಹತ್ತೊಂಬತ್ತು ಜನ ಪಾಠಕ್ಕೆ ಕೂರುತ್ತಾರೆ’: ಇದೂ ಸರಿ. ‘ಅವಳು ಒಪ್ಪುವ ಮೊದಲು ನಾನು ಯಾರಿಗೂ ಹೇಳುವುದಿಲ್ಲ’: ಕೊನೆಯಲ್ಲಿ ಚುಕ್ಕಿ ಇಟ್ಟಿಲ್ಲ, ಅರ್ಧ ಮಾರ್ಕು ಕಟ್.

ಆದರೆ ಈ ಅಕ್ಕನ ಪುರಾಣ ಸಾಕು ಮಾರಾಯ. ಐದರಲ್ಲಿ ನಾಲ್ಕು ವಾಕ್ಯ ಅವಳದೇ. ಪರೀಕ್ಷಕರು ಓದಿದರೆ ಬಾಯ್ಲರ್ ಇನ್‌ಚಾರ್ಜ್ ಕೆಲಸಕ್ಕೆ ಬಂದವನೋ ಮನೆ ಕಟ್ಟಿಸುವವನೋ ಎಂದುಕೊಳ್ಳುತ್ತಾರೆ. ನೀರಿನ ಮಟ್ಟ, ಪಂಪು, ವಾಲ್ವು ಇವುಗಳ ಮೇಲೆ ಬರಿ.

ನನ್ನದು ಎಂದಿನಂತೆ. ಕ್ಲಾಸು ತುಂಬಿ ತುಳುಕುತ್ತಿದೆ.

ಅಕ್ಕ


ಜುಲೈ 15

ಅಕ್ಕಾ,

ನೀನು ಹೇಳಿದ ಹಾಗೆ ಈ ಸಲ ಮೂರು ವಾಕ್ಯ ವಾಲ್ವಿನ ಮೇಲೆ, ಎರಡು ಮಾತ್ರ ನನ್ನಿಷ್ಟದ್ದು. ಅವೆರಡನ್ನೂ ಓದಿ ಏನನ್ನಿಸಿತು ಬರಿ.

ನಿನ್ನ ಮೇಜಿನ ಮೇಲೆ ಅಷ್ಟು ದೊಡ್ಡ ಗುಡ್ಡ ಇದ್ದರೂ ನನ್ನ ಹಾಳೆ ಸಿಕ್ಕ ದಿನವೇ ತಿದ್ದಿ ಕಳಿಸುತ್ತೀಯಲ್ಲ, ಹೇಗೆ? ಕೇಳಿದೆ ಅಷ್ಟೆ. ನೀನು ಆರಾಮಾಗಿದ್ದೀಯ ತಾನೆ?

ಸೀಟಿ


ಜುಲೈ 19

ಸೀಟಿ,

ಐದಕ್ಕೆ ಐದು. ನಿನ್ನ ಇಷ್ಟದ ಎರಡರಲ್ಲೂ ತಪ್ಪಿಲ್ಲ. ಅನ್ನಿಸುವುದೇನು, ಪರೀಕ್ಷೆಗೆ ರೆಡಿ ಎನ್ನಿಸಿತು.

ನಾನು ಕಲ್ಲುಗುಂಡು. ನನ್ನ ಆರೋಗ್ಯ ವಿಚಾರಿಸುವ ಹೊತ್ತಿನಲ್ಲಿ ಎರಡು ವಾಕ್ಯ ಬರೆದಿದ್ದರೆ ಉದ್ಧಾರವಾಗುತ್ತಿದ್ದೆ. ಆರನೆಯ ತಾರೀಕು ಎರಡು ಪೆನ್ನು ಒಯ್ಯಿ. ಮೊದಲು ಪ್ರಶ್ನೆಪತ್ರಿಕೆ ಪೂರ್ತಿ ಓದು, ಆಮೇಲೆ ಬರಿ. ಉತ್ತರ ಬರದಿದ್ದರೆ ಸೀಟಿ ಹೊಡೆಯಬೇಡ. ಮೌಖಿಕದಲ್ಲಿ ಪ್ರಶ್ನೆ ಕೇಳಿಸದಿದ್ದರೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳು. ಮುಗಿದ ದಿನವೇ ಕಾಗದ ಹಾಕು.

ಅಕ್ಕ


ಆಗಸ್ಟ್ 14

ಏ ಸೀಟಿ,

ಪರೀಕ್ಷೆ ಮುಗಿದು ಎಂಟು ದಿನವಾಯಿತು. ಟಪಾಲಿನವರು ದಿನಾ ನನ್ನ ಮೆಟ್ಟಿಲು ದಾಟಿ ಎದುರು ಮನೆಗೆ ಹೋಗುತ್ತಾರೆ. ನಿನ್ನೆ ಅವರನ್ನು ನಿಲ್ಲಿಸಿ ಚೀಲ ಇನ್ನೊಮ್ಮೆ ಹುಡುಕಿಸಿದೆ. ‘ಏನಮ್ಮಾ, ಮೇಷ್ಟ್ರಮ್ಮನಿಗೇ ರಿಸಲ್ಟ್ ಬರ್ಬೇಕಾ?’ ಎಂದು ನಕ್ಕರು. ಹೌದು, ನನಗೇ ಬರಬೇಕು.

ಫೇಲಾಗಿದ್ದರೆ ಫೇಲಾದೆ ಎಂದು ಬರಿ. ಬೈಯುವುದಿಲ್ಲ. ಬೈದರೂ ಒಂದೇ ಪುಟ ಬೈಯುತ್ತೇನೆ.

ಅಕ್ಕ


ಆಗಸ್ಟ್ 17

ಅಕ್ಕಾ,

ಪಾಸು! ಇಂಗ್ಲಿಷಿನಲ್ಲಿ ಎಪ್ಪತ್ತೊಂದು. ನಿನ್ನೆ ಬೋರ್ಡಿನಲ್ಲಿ ಹಾಕಿದರು. ಬಾಯ್ಲರ್ ರೂಮಿನಲ್ಲಿ ನಿಂತು ಎದೆ ತುಂಬಾ ಸೀಟಿ ಹೊಡೆದೆ, ಇಸ್ತ್ರಿ ಹಾಲಿನವರು ಏನೋ ಸೋರುತ್ತಿದೆ ಎಂದು ಓಡಿಬಂದರು. ಸೆಪ್ಟೆಂಬರ್ ಒಂದರಿಂದ ನಾನು ಇನ್‌ಚಾರ್ಜು. ಇದು ನಿನ್ನ ಪಾಸು ಅಕ್ಕ.

ಮೌಖಿಕದಲ್ಲಿ ಮಾತ್ರ ಒಂದು ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಸೀಟಿ


ಆಗಸ್ಟ್ 20

ನನ್ನ ಬಂಗಾರದಂಥ ಸೀಟಿ,

ಎಪ್ಪತ್ತೊಂದು! ನಾನು ಹೇಳಿರಲಿಲ್ಲವಾ? ಎದುರು ಮನೆಯವರಿಗೆ, ಕೆಳಗಿನ ಅಂಗಡಿಯವರಿಗೆ, ಟಪಾಲಿನವರಿಗೆ, ಎಲ್ಲರಿಗೂ ಹೇಳಿಬಂದೆ.

ಆದರೆ ಯಾವ ಪ್ರಶ್ನೆ ಅದು? ನಾನು ಕಲಿಸಿದ್ದರಲ್ಲಿ ನಿನಗೆ ಬಾರದ್ದು ಯಾವುದು? ‘ಅನ್‌ಟಿಲ್’ ತಾನೆ? ನನಗೆ ಮೊದಲೇ ಅನುಮಾನ ಇತ್ತು. ಪಾಸಾದೆ ಎಂದು ಬಿಡುವ ಹಾಗಿಲ್ಲ. ಪ್ರಶ್ನೆಯನ್ನು ಅವರು ಕೇಳಿದ ಹಾಗೇ ಬರೆದು ಕಳಿಸು. ಉತ್ತರ ನಾನು ಹೇಳುತ್ತೇನೆ.

ಅಕ್ಕ


ಆಗಸ್ಟ್ 24

ಅಕ್ಕಾ,

ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಹೀಗಿತ್ತು: ಈ ಹುದ್ದೆ ಸಿಕ್ಕಾಗ ಏನೇನು ಮಾಡುತ್ತೀರಿ, ಹತ್ತು ವಾಕ್ಯ ಬರೆಯಿರಿ. ನಾನು ಆರು ವಾಕ್ಯ ಬಾಯ್ಲರಿನ ಮೇಲೆ ಬರೆದೆ, ನಾಲ್ಕು ನಿನ್ನ ಕೈಯಲ್ಲಿ ತಿದ್ದಿಸಿಕೊಂಡವು. ಮುಂದಿನ ಕೋಣೆ, ಕಿಟಕಿಯ ಬಣ್ಣ, ಹತ್ತೊಂಬತ್ತು ಜನರ ಪಾಠ, ಅವಳು ಬರುವ ತನಕ ಆ ಕೋಣೆ ಬೇರೆಯವರಿಗಿಲ್ಲ ಎನ್ನುವುದು.

ಮೌಖಿಕಕ್ಕೆ ಹೋದರೆ ಪರೀಕ್ಷಕಿ ಒಬ್ಬರು, ನರೆತ ಕೂದಲು, ನಿನ್ನ ಹಾಗೇ ಕೆಂಪು ಪೆನ್ನು. ಬಾಯ್ಲರ್ ಬಗ್ಗೆ ಹತ್ತು ಪ್ರಶ್ನೆ ಕೇಳಿದರು, ಪಟಪಟ ಹೇಳಿದೆ. ಆಮೇಲೆ ನನ್ನ ಉತ್ತರಪತ್ರಿಕೆ ತಿರುಗಿಸಿ, ಕನ್ನಡಕ ತೆಗೆದು ಕೇಳಿದರು: ‘ನಿಮ್ಮಕ್ಕ ಯಾವಾಗ ಬರ್ತಾರೆ?’

ಅದೇ ಪ್ರಶ್ನೆ. ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ ಜೋರಾಗಿ ಕೇಳಿದರು. ಕೇಳಿಸಿತ್ತು.

ಅವರೂ ಮಾರ್ಕು ಹಾಕುವವರೇ ಅಕ್ಕ. ಒಂದೇ ಸಲ ಓದಿದ್ದು. ನೀನು ಮೂರು ತಿಂಗಳು ಓದಿದೆ, ಚುಕ್ಕಿ ಇಲ್ಲ ಎಂದು ಅರ್ಧ ಮಾರ್ಕು ಕಟ್ ಮಾಡಿದೆ. ನೀನು ಆ ಮಾತು ಎತ್ತಬೇಡ ಎಂದಿದ್ದೆ, ವಾಕ್ಯ ಬರೆಯಬೇಡ ಎಂದಿರಲಿಲ್ಲ. ಅದಕ್ಕೇ ಬರೆದೆ. ಈಗ ನೀನು ತಿದ್ದಿ ಕಳಿಸಿದ ಹಾಳೆಗಳನ್ನೆಲ್ಲ ವಾಪಸು ಕಳಿಸುತ್ತಿದ್ದೇನೆ, ಒಂಬತ್ತು ಇವೆ. ಪೆನ್ನು ದೂರ ಇಟ್ಟು, ಒಂದು ಸಲ ಮಾರ್ಕು ಹಾಕದೆ ಓದು.

ಇನ್ನೊಂದು ಹೇಳಿಬಿಡುತ್ತೇನೆ, ಸಿಟ್ಟು ಬಂದರೆ ಬರಲಿ. ನೀನು ನನ್ನ ವಾಕ್ಯ ಓದಲಿಲ್ಲ, ನಾನು ನಿನ್ನ ಕಾಗದದ ಹಿಂಬದಿ ಓದಿದೆ. ಏಪ್ರಿಲ್ ಹಾಜರಿ ಹಾಳೆಯಲ್ಲಿ ಹನ್ನೊಂದು ಹೆಸರಿತ್ತು. ಮೇ ಹಾಳೆಯಲ್ಲಿ ನಾಲ್ಕು. ಜುಲೈಯದರಲ್ಲಿ ತಿಂಗಳ ಹೆಸರು ಬರೆದಿದ್ದೀಯ, ಕೆಳಗೆ ಗೆರೆಗಳು ಮಾತ್ರ. ನಿನ್ನ ಮೇಜಿನ ಮೇಲಿದ್ದ ಗುಡ್ಡ ನಾನೊಬ್ಬನೇ.

ಕ್ವಾರ್ಟರ್ಸಿನ ಫಾರಂ ಕೂಡ ಇಟ್ಟಿದ್ದೇನೆ. ಜೊತೆಗೆ ಇರುವವರ ಹೆಸರನ್ನು ಸೆಪ್ಟೆಂಬರ್ ಹತ್ತರೊಳಗೆ ಕೊಡಬೇಕು, ಇಲ್ಲವಾದರೆ ಮುಂದಿನ ಕೋಣೆ ಬೇರೊಬ್ಬರಿಗೆ ಹೋಗುತ್ತದೆ. ನಿನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಬೇಡವಾದರೆ ಅಳಿಸಿ ಕಳಿಸು, ನಾನು ಏನೂ ಅನ್ನುವುದಿಲ್ಲ. ಆದರೆ ನಿನ್ನನ್ನು ಸಾಕುವುದಕ್ಕೆ ಕರೆಯುತ್ತಿಲ್ಲ. ಇಲ್ಲಿ ಹತ್ತೊಂಬತ್ತು ಜನ ಕಾಯುತ್ತಿದ್ದಾರೆ, ಜೊತೆಗೆ ನಾನೂ ಒಬ್ಬ. ನೀನು ನನಗೆ ಬೇಕು ಅಕ್ಕ.

ಸೀಟಿ


ಸೆಪ್ಟೆಂಬರ್ 4

ಸೀಟಿ,

ಈ ಸಲ ಮರುಟಪಾಲಿಗೆ ಉತ್ತರ ಬರಲಿಲ್ಲ ಎಂದು ನೀನು ಒದ್ದಾಡಿರುತ್ತೀಯ. ಒದ್ದಾಡು. ನಾನೂ ಒದ್ದಾಡಿದ್ದೇನೆ.

ಒಂಬತ್ತೂ ಹಾಳೆ ಓದಿದೆ. ಮೊದಲ ದಿನ ಪೆನ್ನು ಕೈಯಲ್ಲೇ ಇತ್ತು, ಮೂರು ಕಡೆ ಅಲ್ಪವಿರಾಮ ಹಾಕಿಬಿಟ್ಟೆ. ಎರಡನೆಯ ದಿನ ಪೆನ್ನನ್ನು ಅಡುಗೆಮನೆಯಲ್ಲಿಟ್ಟು ಬಂದು ಓದಿದೆ. ಆಮೇಲೆ ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಮೂವತ್ತೈದು ವರ್ಷದಲ್ಲಿ ಎಷ್ಟು ಹಾಳೆಯನ್ನು ಹೀಗೆ ತಿದ್ದಿ ಕಳಿಸಿದ್ದೇನೋ! ಯಾರ್ಯಾರು ಏನೇನು ಹೇಳಿದ್ದರೋ, ನಾನು ಎಲ್ಲೆಲ್ಲಿ ಬರೀ ಕೆಂಪು ಗೆರೆ ಎಳೆದಿದ್ದೇನೋ.

ಹಾಜರಿ ಹಾಳೆಯ ವಿಷಯ ನಿಜ. ಜೂನಿನಲ್ಲಿ ಕೊನೆಯ ಇಬ್ಬರೂ ಬಿಟ್ಟರು. ಫೋನಿನಲ್ಲೇ ಕಲಿಯುತ್ತಾರಂತೆ, ಅದು ಬೈಯುವುದಿಲ್ಲವಂತೆ. ನಿನಗೆ ಹೇಳಲು ನಾಚಿಕೆಯಾಯಿತು. ಆಮೇಲೂ ಪ್ರತಿ ತಿಂಗಳು ಹಾಳೆಯ ಮೇಲೆ ತಿಂಗಳ ಹೆಸರು ಬರೆದು ಕಾಯುತ್ತಿದ್ದೆ, ಯಾರೂ ಬರದಿದ್ದಾಗ ತಿರುಗಿಸಿ ನಿನಗೆ ಬರೆಯುತ್ತಿದ್ದೆ. ಹಿಂದೆ ಮುಂದೆ ನೋಡದೆ ಕಳಿಸಿದ ನಾನೂ ಒಳ್ಳೆಯ ಜಾಣೆ.

ಈಗ ಹಾಳೆಗಳಿಗೆ ಉತ್ತರ. ಕಿಟಕಿಗೆ ಹಸಿರು ಬಣ್ಣ, ತಿಳಿ ಹಸಿರು, ನಿನ್ನ ಬಾಯ್ಲರಿನ ಥರ ಕಡುಹಸಿರು ಬೇಡ. ಮುಂದಿನ ಕೋಣೆಗೆ ಬೆಳಕು ಬರುತ್ತದೋ ಇಲ್ಲವೋ ನೋಡಿ ಮೇಜು ಹಾಕು. ಹತ್ತೊಂಬತ್ತು ಜನರನ್ನು ಎರಡು ತಂಡ ಮಾಡು, ಒಂದೇ ಸಲ ಅಷ್ಟು ಜನರನ್ನು ಕೂರಿಸಿದರೆ ಹಿಂದಿನವರು ಕಿಟಕಿಗೆ ಒರಗುತ್ತಾರೆ, ನನಗೆ ಅನುಭವ ಇದೆ. ಮೇಸ್ತ್ರಿಣಿಯವರಿಗೆ ಹೇಳು, ನನಗೆ ಪುರುಸೊತ್ತಿದೆ ಎಂದು. ಚುಕ್ಕಿ ಇಲ್ಲದ್ದಕ್ಕೆ ಕಟ್ ಮಾಡಿದ ಅರ್ಧ ಮಾರ್ಕು ವಾಪಸು ಕೊಡುವುದಿಲ್ಲ, ಅದು ನಿನ್ನದೇ ತಪ್ಪು.

ಆ ಪರೀಕ್ಷಕಿಯ ಪ್ರಶ್ನೆಗೆ ಉತ್ತರ: ಸೆಪ್ಟೆಂಬರ್ ಹದಿನೈದು, ಬೆಳಿಗ್ಗೆ ಹತ್ತೂವರೆಯ ಬಸ್ಸು. ಅವರ ವಿಳಾಸ ಸಿಕ್ಕಿದರೆ ತಿಳಿಸು.

ಫಾರಂ ಜೊತೆಗಿದೆ. ನನ್ನ ಹೆಸರಿನ ಪೆನ್ಸಿಲ್ ಗೆರೆಯ ಮೇಲೆ ಶಾಯಿಯಲ್ಲಿ ತಿದ್ದಿದ್ದೇನೆ. ಕೆಂಪು ಶಾಯಿ, ಮನೆಯಲ್ಲಿ ಬೇರೆ ಪೆನ್ನಿಲ್ಲ. ಆ ಕಾಲಮ್ಮಿನ ತಲೆಯಲ್ಲಿ ‘ಅವಲಂಬಿತರು’ ಎಂದು ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ‘ಅಕ್ಕ’ ಎಂದು ಬರೆದಿದ್ದೇನೆ. ಆಫೀಸಿನವರು ಕೇಳಿದರೆ, ಮೂವತ್ತೈದು ವರ್ಷ ಪಾಠ ಮಾಡಿದವರು ತಿದ್ದಿದ್ದು, ಸರಿಯಾಗೇ ಇರುತ್ತದೆ ಎಂದು ಹೇಳು.

ಕರಿಹಲಗೆಯನ್ನೂ ತರುತ್ತಿದ್ದೇನೆ. ಬಸ್ಸಿನಿಂದ ಇಳಿಸಲು ಇಬ್ಬರು ಬೇಕು, ಯಾರನ್ನಾದರೂ ಕರೆದುಕೊಂಡು ಬಾ.

ಅಕ್ಕ